ಹೊಗೆಯಿಲ್ಲದ ಇಂಜಿನ್ನಿನ ಫೋಟೋ

ಆಂಟಾಪ್ ಹಿಲ್ಲಿನ ನಮ್ಮ ಚಾಳಿನ ಹಿಂದೆಯೇ ಗೂಡ್ಸ್ ಯಾರ್ಡ್ ಇತ್ತು. ಲೋಕಲ್ ಗಾಡಿಗಳೆಲ್ಲ ಕರೆಂಟಿನ ಮೇಲೆ ಓಡುತ್ತಿದ್ದ ಎಪ್ಪತ್ತರ ದಶಕದಲ್ಲೂ ಅಲ್ಲಿ ವ್ಯಾಗನ್ನುಗಳನ್ನು ಹಿಂದೆ ಮುಂದೆ ತಳ್ಳಲು ಒಂದು ಮುದಿ ಉಗಿ ಇಂಜಿನ್ ಉಳಿದಿತ್ತು. ಅದರ ಡ್ರೈವರ್ ನಮ್ಮ ಸೋದರಮಾವ, ಧಾರವಾಡದ ಕಡೆಯವರು. ಕಲ್ಲಿದ್ದಲು ಎರಚುವ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆದವರು. ಅವರ ಹೆಮ್ಮೆ ಒಂದೇ: ಅವರು ನಡೆಸುವಾಗ ಚಿಮಣಿಯಿಂದ ಕಪ್ಪು ಹೊಗೆ ಬರುತ್ತಿರಲಿಲ್ಲ. ಚಾಳಿನ ಹೆಂಗಸರು ಬಟ್ಟೆ ಒಣಹಾಕುವ ಮೊದಲು ಅತ್ತೆಯನ್ನು ಕೇಳುತ್ತಿದ್ದರು, “ಇವತ್ತ ಡ್ಯೂಟಿ ನಿಮ್ಮವರದ ಹೌದಲ್ರೀ ಅಕ್ಕಾರ?” ಹೌದೆಂದರೆ ಬಿಳಿ ಧೋತರವೂ ಹಗ್ಗಕ್ಕೆ ಬರುತ್ತಿತ್ತು.

ಡೀಸೆಲ್ ಬಂತು. ಮುದಿ ಇಂಜಿನ್ನಿಗೂ ಮಾವನಿಗೂ ಒಂದೇ ದಿನ ವಿದಾಯ ನಿಗದಿಯಾಯಿತು. ಇಷ್ಟು ವರ್ಷ ಅದರ ಹತ್ತಿರ ಸುಳಿಯದ ಯಾರ್ಡಿನ ಸಾಹೇಬರಿಗೆ ಒಮ್ಮೆಲೇ ಪರಂಪರೆಯ ಮೇಲೆ ಪ್ರೀತಿ ಉಕ್ಕಿತು. ತುಕ್ಕಿನ ಮೇಲೆ ಬಣ್ಣ, ಬಣ್ಣದ ಮೇಲೆ ಚೆಂಡುಹೂ, ಎದುರಿಗೆ ಸ್ಟುಡಿಯೋದ ಫೋಟೋಗ್ರಾಫರ್. ನಾವೂ ಬೇಲಿಗೆ ಆತು ನಿಂತಿದ್ದೆವು.

“ಡ್ರೈವರ್, ಧುವಾಂ ಕಿಧರ್ ಹೈ?” ಸಾಹೇಬರು ಚಿಮಣಿ ತೋರಿಸಿ, ಹೊಗೆ ಎಲ್ಲಿ ಎಂದು ಕೇಳಿದರು. “ಫೋಟೋ ಮೇ ಕಾಲಾ ಧುವಾಂ ಚಾಹಿಯೇ!”

“ಧುವಾಂ ನಹೀ ಹೈ ಸಾಬ್, ವಹೀ ತೋ ಹಮಾರಾ ಕಾಮ್ ಹೈ.” ಹೊಗೆ ಬಾರದಂತೆ ನೋಡಿಕೊಳ್ಳುವುದೇ ತಮ್ಮ ಕೆಲಸ ಎಂದರು ಮಾವ.

ಹೊಗೆಯಿಲ್ಲದಿದ್ದರೆ ಇದು ಉಗಿ ಇಂಜಿನ್ ಅಂತ ನಂಬುವವರು ಯಾರು ಎಂದು ಸಾಹೇಬರು ರೇಗಿದರು. ಅವರು ಆಗತಾನೇ ಓದಿ ಮುಗಿಸಿದ್ದ ಒಂದು ಪುಟದ ಭಾಷಣದಲ್ಲಿ ಹೊಗೆ ಮೂರು ಸಲ ಬಂದಿತ್ತು. ಹೆದರಿದ ಫೈರ್‌ಮನ್ ಸಲಿಕೆ ತುಂಬ ಕಲ್ಲಿದ್ದಲು ಎತ್ತಿದ. ಮಾವ ಅವನ ಕೈ ಹಿಡಿದರು.

“ಇಡೋ ಕೆಳಗ. ಹೊಗಿ ಬಂತಂದ್ರ ಬೆಂಕಿ ಹಾಕಾಕ ಬರೂದಿಲ್ಲ ಅಂತ ಅರ್ಥ. ಕಡೀ ದಿನ ನನ್ನ ಮಾರಿಗೆ ನಾನ ಮಸಿ ಬಳಕೊಳ್ಳಲೇನು?”

ಮಾವನನ್ನು ಇಳಿಸಿ ಬೇರೆಯವರನ್ನು ಹತ್ತಿಸೋಣವೆಂದರೆ ಉಗಿ ಇಂಜಿನ್ ಬಲ್ಲ ಬೇರೆ ಡ್ರೈವರ್ ಅಲ್ಲಿರಲಿಲ್ಲ. ಎಲ್ಲರನ್ನೂ ಸಾಹೇಬರೇ ಡೀಸೆಲ್ ಕಲಿಯಲು ಕಳಿಸಿದ್ದರು. ಸಾಹೇಬರು ಟೋಪಿ ಹಾಕಿಕೊಂಡು ಇಂಜಿನ್ ಹತ್ತಿ ಚಿಮಣಿಯ ಪಕ್ಕ ನಿಂತರು; ಫೋಟೋ ಹೊಗೆಯಿಲ್ಲದೆ ಮುಗಿಯಿತು.

ತಿಂಗಳ ಮೇಲೆ ಕಟ್ಟು ಹಾಕಿಸಿದ ಫೋಟೋ ಮನೆಗೆ ಬಂತು. ಸ್ಟುಡಿಯೋದವನು ಕುಂಚ ಹಿಡಿದು ಚಿಮಣಿಯ ಮೇಲೆ ಮಳೆಗಾಲದ ಮೋಡದಷ್ಟು ಕಪ್ಪು ಹೊಗೆ ಬರೆದಿದ್ದ! ಅತ್ತೆ ಸಂಭ್ರಮದಿಂದ ಮೊಳೆ ಹುಡುಕುತ್ತಿದ್ದರು. ಮಾವ ಗಾಜು ಬಿಚ್ಚಿ, ಬ್ಲೇಡು ಹಿಡಿದು ಕೂತರು.

“ಅಯ್ಯ, ಏನ್ ಮಾಡಾಕತ್ತೀರಿ? ಮಂದಿಗೆ ತೋರಸೂದು ಬ್ಯಾಡೇನು?”

“ತೋರಸೋಣಂತ. ಮೊದಲ ಬೆಂಕಿ ಸರಿ ಮಾಡ್ತೀನಿ.”

ಕೆರೆಯುವ ಭರದಲ್ಲಿ ಅರ್ಧ ಚಿಮಣಿಯೂ ಸಾಹೇಬರ ಟೋಪಿಯೂ ಹೋದವು. ಮಾವ ಅದನ್ನು ಹಾಗೆಯೇ, ಬಾಗಿಲಿಗೆ ಎದುರಾಗಿ ತೂಗುಹಾಕಿಸಿದರು.