‘ಕ’ ಒಂದು ಅಂತ ಹಿಡಿದಾಗ

ಅಕ್ಕ ಪಾಟಿಯ ಮೇಲೆ ಬರೆದದ್ದನ್ನು ಮತ್ತೆ ಒರೆಸಿದಳು. ಸೈಕಲ್‌ಗೆ ಎಣ್ಣೆ ಬಿಡುತ್ತಿದ್ದ ನಾನು ಎದ್ದು ಒಳಗೆ ಹೋದೆ.

ಅರವತ್ತರ ದಶಕದ ಮಾತು, ಸವಣೂರಿನ ನಮ್ಮ ಮನೆ. ಶಾಲೆ ಬಿಟ್ಟು ಬಂಕಾಪುರ, ಶಿಗ್ಗಾಂವಿ ಅಂತ ಸೈಕಲ್ ಮೇಲೆ ವೀಳ್ಯದೆಲೆ ಮಾರುತ್ತಿದ್ದೆ. ಒಂದು ಕಡೆ ಕೂರುವ ಜೀವವಲ್ಲ ನನ್ನದು.

ಶಾಲೆಯಲ್ಲಿ ಮಾಸ್ತರರು ಪ್ರಯೋಗ ಮಾಡಿಸದೇ, ಜರ್ನಲ್‌ನಲ್ಲಿ ‘ನೀಲಿ ಬಣ್ಣ ಬಂದಿತು’ ಅಂತ ಬರೆಯಲು ಹೇಳಿದ್ದರು. ನೋಡಿಲ್ಲ, ಬರೆಯುವುದಿಲ್ಲ ಅಂದೆ. ಮಾತು ಬೆಳೆಯಿತು... ಮತ್ತೆ ಆ ಕಡೆ ಹೋಗಲಿಲ್ಲ. ಬೀಜಗಣಿತದ ಮೇಲಿನ ಆಸೆ ಮಾತ್ರ ಉಳಿದಿತ್ತು.

ಅಕ್ಕ ಹಂಸಭಾವಿಯ ಗಂಡನ ಮನೆ ಬಿಟ್ಟು ಬಂದಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದರೆ ಶಿಕ್ಷಕಿಯ ಟ್ರೇನಿಂಗ್, ಇಲ್ಲದಿದ್ದರೆ ಮತ್ತೆ ಹಂಸಭಾವಿ. ಅಪ್ಪ ಹೇಳಿಬಿಟ್ಟಿದ್ದ.

ಪಾಟಿಯ ಮೇಲಿದ್ದದ್ದು ತುಕ್ಕಿನ ಸಮೀಕರಣ. ಕಬ್ಬಿಣ, ಆಮ್ಲಜನಕ ಸೇರಿ ತುಕ್ಕು. ಎರಡೂ ಬದಿಯ ಪರಮಾಣುಗಳ ಲೆಕ್ಕ ಸರಿಹೋಗಬೇಕು. ಅಕ್ಕ ಅಂದಾಜಿಗೆ ಅಂಕಿ ಹಾಕುತ್ತಿದ್ದಳು, ಒರೆಸುತ್ತಿದ್ದಳು.

ಅಂಕಿ ಬೇಡ, ಅಕ್ಷರ ಇಡೋಣ ಅಂದೆ. ಕಬ್ಬಿಣದ ಮುಂದೆ ಅ, ಆಮ್ಲಜನಕದ ಮುಂದೆ ಬ, ತುಕ್ಕಿನ ಮುಂದೆ ಕ.

ತುಕ್ಕಿನಲ್ಲಿ ಕಬ್ಬಿಣ ಎರಡು. ಹಾಗಾಗಿ ಅ ಅಂದರೆ ಎರಡು ಕ. ಆಮ್ಲಜನಕ ಗಾಳಿಯಲ್ಲಿ ಜೋಡಿ, ತುಕ್ಕಿನಲ್ಲಿ ಮೂರು. ಹಾಗಾಗಿ ಎರಡು ಬ ಅಂದರೆ ಮೂರು ಕ.

ಅಲ್ಲಿಗೆ ನಿಂತೆ. ಗೊತ್ತಿಲ್ಲದ್ದು ಮೂರು, ಸಮೀಕರಣ ಎರಡೇ.

“ಕ ಒಂದು ಅಂತ ಹಿಡಿಯೋ,” ಅಂದಳು ಅಕ್ಕ.

“ಒಂದು ಅಂತ ಯಾರ ಹೇಳ್ಯಾರ? ಗೊತ್ತಿಲ್ಲದ್ದನ್ನ ನಾ ಬರಿಯಂಗಿಲ್ಲ.”

“ಬಂದ್ರ ನೋಡ್ರಿ, ಸತ್ಯಪ್ಪನವರು,” ಅಂತ ಅಕ್ಕ ನನ್ನನ್ನೇ ಅಣಕಿಸಿ ನಕ್ಕಳು.

ನಾನು ಎದ್ದು ಹೊರಡುತ್ತೇನೆ, ಅದೇ ನನ್ನ ಚಾಳಿ. ಅಕ್ಕ ಅಂಗಿಯ ತುದಿ ಹಿಡಿದು ಕೂರಿಸುತ್ತಾಳೆ. ಮುಖದಲ್ಲಿ ಈಗ ನಗುವಿಲ್ಲ.

“ಆ ಮನಿ ಬಿಟ್ಟ ಬರೂಮುಂದ ನನಗೇನ ಗೊತ್ತಿತ್ತು, ತಮ್ಮಾ? ಪಾಸಾಗ್ತೇನಿ ಅಂತ ಹಿಡಕೊಂಡ ಬಂದೇನಿ. ಹಿಡಿಯೂದು ಸುಳ್ಳಲ್ಲ. ಹಿಡದು, ತಾಳೆ ನೋಡದ ಬಿಟ್ರ ಅದು ಸುಳ್ಳು.”

ಬಳಪ ತೆಗೆದುಕೊಂಡೆ.

ಕ ಒಂದಾದರೆ ಅ ಎರಡು, ಬ ಒಂದೂವರೆ. ಅರ್ಧ ಯಾಕೆ ಅಂತ ಎಲ್ಲವನ್ನೂ ಇಮ್ಮಡಿ ಮಾಡಿದೆವು. ನಾಲ್ಕು, ಮೂರು, ಎರಡು.

ಎಡಗಡೆ ಅವಳು ಎಣಿಸಿದಳು, ಬಲಗಡೆ ನಾನು. ಕಬ್ಬಿಣ ನಾಲ್ಕಕ್ಕೆ ನಾಲ್ಕು. ಆಮ್ಲಜನಕ ಆರಕ್ಕೆ ಆರು.

ಒಂದು ಅಂತ ಹಿಡಿದಿದ್ದ ಕ ಕೊನೆಗೆ ಎರಡಾಗಿತ್ತು. ಆದರೂ ನಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ...

ಪರೀಕ್ಷೆಯ ದಿನ ಎಲೆಯ ಬುಟ್ಟಿ ಇಳಿಸಿ, ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಿಗ್ಗಾಂವಿಗೆ ಹೋದೆ. ಹೊರಗೆ ಬಂದವಳನ್ನು ಏನೂ ಕೇಳಲು ಧೈರ್ಯವಾಗಲಿಲ್ಲ. ಅವಳೇ ಹೇಳಿದಳು.

“ಬ್ಯಾರೆ ಸಮೀಕರಣ ಬಂದಿತ್ತೋ. ಅದಕ್ಕೂ ಒಂದು ಅಂತ ಹಿಡಿದ್ನಿ.”

“ತಾಳೆ ನೋಡಿದಿ?”

“ನೋಡದ ಬಿಡ್ತೇನೇನು? ನಿನ್ನಕ್ಕ ನಾ.”

ಅಕ್ಕ ಪಾಸಾದಳು, ಇಂಗ್ಲಿಷಿನಲ್ಲಿ ಮಾತ್ರ ಕೂದಲೆಳೆಯ ಅಂತರದಲ್ಲಿ. ಮುಂದೆ ಅಬಲೂರಿನಲ್ಲಿ ಮಕ್ಕಳಿಗೆ ಕಲಿಸಿದಳು. ಹಂಸಭಾವಿಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ನಾನು ಶಾಲೆಗೆ ತಿರುಗಿ ಹೋಗಲಿಲ್ಲ. ಹೋದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಹೋಗಲಿಲ್ಲ.

ನೀವೂ ಗೊತ್ತಿಲ್ಲದ ಏನನ್ನೋ ಒಂದು ಅಂತ ಹಿಡಿದು ಮನೆಯಿಂದ ಹೊರಬಿದ್ದದ್ದುಂಟಾ?