ಮಾಟಗಾರರ ಹಲ್ಲು ಮುರಿದ ದೊಡ್ಡಪ್ಪ

ಒಣಮೆಣಸಿನಕಾಯಿ ಕೆಂಡಕ್ಕೆ ಬಿದ್ದಾಗ ಏಳುವ ಘಾಟು ನಿಮಗೂ ಗೊತ್ತಿರುತ್ತದೆ. ಮೊನ್ನೆ ನೆರೆಮನೆಯ ಅಜ್ಜಿ ಮೊಮ್ಮಗನಿಗೆ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಸುತ್ತ ನಿಂತವರೆಲ್ಲ ಕೆಮ್ಮುತ್ತ, ಸೀನುತ್ತ ಓಡಿಹೋದರು. ನಾನು ಮಾತ್ರ ಅಲ್ಲೇ ನಿಂತೆ. ಆ ಘಾಟಿನ ಬೆನ್ನಿಗೇ ಹತ್ತರಗಿಯ ನಮ್ಮ ಮನೆ ಬಂದುಬಿಟ್ಟಿತು. ಹೆದ್ದಾರಿ ಅಗಲ ಮಾಡುವಾಗ ಆ ಮನೆ ಹೋಯಿತು. ಅಡುಗೆಮನೆ ಇದ್ದ ಜಾಗದ ಮೇಲೆ ಈಗ ಲಾರಿಗಳು ಓಡುತ್ತವೆ. ನನ್ನ ತಲೆಯೊಳಗೆ ಅದು ಇನ್ನೂ ನಿಂತಿದೆ: ಶೇಂಗಾ ಚೀಲಗಳ ಮಣ್ಣುವಾಸನೆಯ ಪಡಸಾಲೆ, ಬಿಳಿ ಬಟ್ಟೆ ಕಟ್ಟಿದ ನೀರಿನ ಹಂಡೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಬೆಳಗಿಟ್ಟ ತಾಟುಗಳು, ಮತ್ತು ಹೊರಗಿನ ಕಟ್ಟೆಯ ಮೇಲೆ ಬೆನ್ನು ಗೋಡೆಗೆ ಹಚ್ಚಿ, ಓಣಿಯ ಕಡೆ ಮುಖ ಮಾಡಿ ಕೂತ ನಮ್ಮಪ್ಪನ ಅಣ್ಣ, ಭರಮಪ್ಪ ದೊಡ್ಡಪ್ಪ. ಅವನ ಬೆನ್ನ ಹಿಂದೆ ಯಾರೂ ಸುಳಿಯುವಂತಿರಲಿಲ್ಲ. ಚಹಾ ಕೊಡಲು ಹೋದರೂ ಎದುರಿನಿಂದಲೇ ಹೋಗಬೇಕು.

ದೊಡ್ಡಪ್ಪ ಮಾಟಗಾರರನ್ನು ಹಿಡಿಯುವವನು. ನಗಬೇಡಿ, ತೊಂಬತ್ತರ ದಶಕದ ಮಾತಿದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರದಾದರೂ ಎಮ್ಮೆ ಹಾಲು ಬತ್ತಿಸಿದರೆ, ಯಾರದಾದರೂ ಸೊಸೆ ಮೈಮೇಲೆ ಖಬರಿಲ್ಲದೆ ಬಿದ್ದರೆ, "ಯಾರೋ ಕರಣಿ ಮಾಡ್ಸ್ಯಾರ, ಭರಮಣ್ಣನ್ನ ಕರೀರಿ" ಎನ್ನುತ್ತಿದ್ದರು. ಹರೆಯದಲ್ಲಿ ಪೈಲ್ವಾನನಾಗಿದ್ದ ಮನುಷ್ಯ; ಆ ಮೈಯಲ್ಲಿ ಸೊಟ್ಟಗಾಗದ ಜಾಗವೇ ಉಳಿದಿರಲಿಲ್ಲ. ಎಡಗಣ್ಣು ಮೂಡಲಗಿಯಲ್ಲಿ ಹೋಗಿತ್ತು: ಮಂತ್ರವಾದಿಯೊಬ್ಬ ಹಿಡಿಯಲು ಬಂದವನ ಮುಖಕ್ಕೆ ಸುಣ್ಣ ಎರಚಿದ್ದ. ಆ ಕಣ್ಣು ಬೆಂದ ತತ್ತಿಯಂತೆ ಬೆಳ್ಳಗಿತ್ತು. ಗೋಕಾಕದ ಹತ್ತಿರ ಒಬ್ಬ ಕುಡಗೋಲು ಬೀಸಿ ಮೀನಖಂಡ ಸೀಳಿದ್ದ. ಅಂದಿನಿಂದ ದೊಡ್ಡಪ್ಪ ಕಾಲು ಎಳೆದುಕೊಂಡೇ ನಡೆಯುತ್ತಿದ್ದ. ಬಲಗೈ ಕಿರುಬೆರಳಿನ ತುದಿಯನ್ನು ಒಬ್ಬಳು ಕಚ್ಚಿ ಹರಿದಿದ್ದಳು. ನಾವು ಹುಡುಗರು ಅವನ ತೊಡೆಯ ಮೇಲೆ ಕೂತು ಒಂದೊಂದೇ ಗಾಯ ಮುಟ್ಟಿ "ಇದು ಯಾರದು?" ಎಂದು ಕೇಳುತ್ತಿದ್ದೆವು. ಅವನು ಮುಂದಿನ ಹಲ್ಲು ತೋರಿಸಿ ನಗುತ್ತ ಹೇಳುತ್ತಿದ್ದ. ಎಷ್ಟು ಸಲ ಕೇಳಿದರೂ ನಮಗೆ ಸಾಕಾಗುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಕಾಕಾನ ಸಾವು. ಕಾಕಾ ಎಂದರೆ ದೊಡ್ಡಪ್ಪನ, ನಮ್ಮಪ್ಪನ ಕೊನೆಯ ತಮ್ಮ. ಮದುವೆಯಾದ ವರ್ಷವೇ ರಕ್ತ ಕಾರಿ ಹೋದ. ಅವನ ಹಾಸಿಗೆಯ ಕೆಳಗೆ ಸೂಜಿ ಚುಚ್ಚಿದ ಲಿಂಬೆಹಣ್ಣು ಸಿಕ್ಕಿತ್ತಂತೆ. ತಮ್ಮನ ಹೆಣದ ಮುಂದೆ ದೊಡ್ಡಪ್ಪ "ಇದನ್ನ ಮಾಡಿದವರನ್ನ ಬಿಡಾಂಗಿಲ್ಲ" ಎಂದು ಎದ್ದವನು ಮತ್ತೆ ಕೂರಲಿಲ್ಲ. ಯಾರಿಂದಲೋ ಒಂದು ವಿದ್ಯೆಯನ್ನೂ ಕಲಿತು ಬಂದ. ಸಂಶಯ ಇದ್ದವರನ್ನೆಲ್ಲ ಸಾಲಾಗಿ ಕೂರಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಅರಿಸಿನ ಸವರಿದ ಹಸಿ ಅಕ್ಕಿಯನ್ನು ಒಂದೊಂದು ಹಿಡಿ ಕೊಟ್ಟು ಅಗಿಯಲು ಹೇಳುವುದು. ಸ್ವಲ್ಪ ಹೊತ್ತಾದ ಮೇಲೆ ಎಲ್ಲರೂ ಮುತ್ತಲ ಎಲೆಯ ಮೇಲೆ ಉಗುಳಬೇಕು. ಯಾರ ಅಕ್ಕಿ ಎಂಜಲಾಗದೆ ಒಣಹಿಟ್ಟಾಗಿ ಬೀಳುತ್ತದೋ ಅವರೇ ಮಾಟಗಾರರು. ಆಮೇಲೆ ಇಕ್ಕಳ. ಮುಂದಿನ ಹಲ್ಲು ಹೋದರೆ ಮಂತ್ರದ ಅಕ್ಷರ ಸ್ಪಷ್ಟ ಹೊರಡುವುದಿಲ್ಲ, ಹೊರಡದ ಮಂತ್ರ ಯಾರನ್ನೂ ಕಟ್ಟುವುದಿಲ್ಲ ಎಂದು ಅವನು ನಂಬಿದ್ದ, ಊರೂ ನಂಬಿತ್ತು. ಪೊಲೀಸರು ಬಂದರೆ ಊರಿಗೆ ಊರೇ ಮೂಕ. ಮುರಿದ ಹಲ್ಲನ್ನು ಅವನು ಘಟಪ್ರಭೆಗೆ ಎಸೆದು, ಹೊಳೆಯಲ್ಲೇ ತಲೆಗೆ ಸ್ನಾನ ಮಾಡಿ ಮನೆಗೆ ಬರುತ್ತಿದ್ದ.

ಅವನು ಹೇಳುತ್ತಿದ್ದ ಕತೆಗಳಲ್ಲಿ ದಡ್ಡಿ ಊರಿನ ಲಗಮವ್ವನದೇ ದೊಡ್ಡದು. ಬೆರಳು ಕಚ್ಚಿದವಳು ಅವಳೇ. ಅವಳನ್ನು ಮುಂಜಾನೆಯಿಂದ ಬೇವಿನ ಗಿಡಕ್ಕೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸಿದ್ದರಂತೆ. ಇಳಿಹೊತ್ತಿಗೆ ದೊಡ್ಡಪ್ಪ ಹೋಗಿ ಅಕ್ಕಿ ಕೊಟ್ಟಾಗ ಬೂದಿಯಂತೆ ಉದುರಿತಂತೆ. "ನಾಕ ಮಂದಿ ಹಿಡದ್ರೂ ಬಗ್ಗಲಿಲ್ಲ ನೋಡ, ಗಟ್ಟಿ ಹೆಂಗಸು" ಎಂದು ದೊಡ್ಡಪ್ಪ ಮೆಚ್ಚಿಕೆಯಿಂದಲೇ ಹೇಳುತ್ತಿದ್ದ. ಅವಳ ಮಗ ಎಲ್ಲಪ್ಪ, ಆಗ ಇನ್ನೂ ಚಿಕ್ಕವನು, ದೊಡ್ಡಪ್ಪನ ಕಾಲು ಹಿಡಿದು "ನಮ್ಮವ್ವನ್ನ ಬಿಡ್ರಿ" ಎಂದು ಅಳುತ್ತಿದ್ದನಂತೆ. ಕತೆಯಲ್ಲಿ ಆ ಮಾತು ಬಂದಾಗ ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಕೇಳುತ್ತಿತ್ತು. ಅದು ನಮ್ಮ ಚಿಗವ್ವ.

ಚಿಗವ್ವ ಎಂದರೆ ಪದ್ಮವ್ವ, ಸತ್ತ ಕಾಕಾನ ಹೆಂಡತಿ. ಜೈನರ ಮನೆತನ ನಮ್ಮದು. ಚಿಗವ್ವ ನೀರು ಸೋಸಿ ಕುಡಿಯುವವಳು, ಒಲೆ ಹೊತ್ತಿಸುವ ಮೊದಲು ಕಟ್ಟಿಗೆಯಲ್ಲಿ ಇರುವೆ ಇದೆಯೇ ಎಂದು ತಿರುವಿ ಮುರುವಿ ನೋಡುವವಳು. ಅಂಥವಳ ಕೈಗೆ ದೊಡ್ಡಪ್ಪನ ರಕ್ತ ಹತ್ತಿದ ಧೋತರ ಬರುತ್ತಿತ್ತು. ಬಾವಿಕಟ್ಟೆಯ ಮೇಲೆ ಅದನ್ನು ಕಲ್ಲಿಗೆ ಬಡಿಯುವ ಅವಳ ಸಿಟ್ಟನ್ನು ನೋಡಬೇಕಿತ್ತು! ಆದರೆ ಭಾವನ ಎದುರು ಅವಳು ತಲೆಮೇಲಿನ ಸೆರಗು ಸರಿಸಿದವಳಲ್ಲ, ಒಂದು ಮಾತು ನೇರ ಆಡಿದವಳಲ್ಲ. ಏನಿದ್ದರೂ ನನ್ನ ಮೂಲಕ. "ನಿಮ್ಮ ದೊಡ್ಡಪ್ಪಗ ಹೇಳು, ಹೊತ್ತ ಮುಳುಗಾಕ ಬಂತು, ಉಣ್ಣಾಕ ಏಳ ಅಂತ." ಮೂರು ಮೊಳ ದೂರದಲ್ಲಿ ಕೂತ ದೊಡ್ಡಪ್ಪನಿಗೆ ಅದು ಕೇಳಿರುತ್ತಿತ್ತು; ಆದರೂ ನಾನು ಮತ್ತೊಮ್ಮೆ ಹೇಳಿದ ಮೇಲೆಯೇ ಏಳುತ್ತಿದ್ದ. ಮಕ್ಕಳಿಲ್ಲದ ಚಿಗವ್ವ ಓಣಿಯ ಮಕ್ಕಳನ್ನೆಲ್ಲ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಅದೇ ಅವಳಿಗೆ ಕುತ್ತಾಯಿತು.

ನಾನಾಗ ನಾಲ್ಕನೆಯ ಇಯತ್ತೆ. ಭಾದ್ರಪದ, ಬಿಟ್ಟೂಬಿಡದ ಮಳೆ, ಬಾವಿಯ ನೀರೆಲ್ಲ ಕೆಂಪು. ಬಾಜೂಮನೆ ಮಲ್ಲಪ್ಪನ ಕೂಸು ವಾಂತಿ-ಭೇದಿಯಾಗಿ ಸತ್ತಿತು. ನಮ್ಮ ಮನೆಯಲ್ಲಿ ದಶಲಕ್ಷಣ ಪರ್ವದ ಕೊನೆಯ ದಿನ. ಚಿಗವ್ವನದು ನೀರೂ ಮುಟ್ಟದ ಉಪವಾಸ. ಮಧ್ಯಾಹ್ನ ಮಲ್ಲಪ್ಪ ಮಂದಿ ಕಟ್ಟಿಕೊಂಡು ನಮ್ಮ ಕಟ್ಟೆಗೆ ಬಂದ. ಕಣ್ಣುಗಳು ಕೆಂಡವಾಗಿದ್ದವು. ಓಣಿಯ ಹೆಂಗಸರನ್ನೆಲ್ಲ ಕೂರಿಸಿ ಅಕ್ಕಿ ಅಗಿಸಬೇಕು ಎಂದ. ಆಮೇಲೆ ದನಿ ತಗ್ಗಿಸಿ, "ಭರಮಣ್ಣಾ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಪದ್ಮವ್ವನೂ ಬರ್ಲಿ. ಹಿಂದಿನ ದಿನಾ ಕೂಸು ಅಕಿ ತೊಡಿಮ್ಯಾಲ ಇತ್ತು" ಎಂದ.

ಬೇರೆ ಯಾರಾದರೂ ಆಗಿದ್ದರೆ ಗದರಿ ಕಳಿಸುತ್ತಿದ್ದರು. ದೊಡ್ಡಪ್ಪನಿಗೆ ತನ್ನ ಅಕ್ಕಿಯ ಮೇಲೆ ಎಷ್ಟು ಭರವಸೆಯೋ ಪದ್ಮವ್ವನ ಮೇಲೂ ಅಷ್ಟೇ. "ಯಾಕ ಬರಾಂಗಿಲ್ಲ? ನಮ್ಮ ಮನಿಗಿ ಬ್ಯಾರೆ ನ್ಯಾಯ ಐತೇನು?" ಎಂದ. ನನ್ನನ್ನು ಕರೆದು, "ನಿಮ್ಮ ಚಿಗವ್ವಗ ಹೇಳು, ನುಂಗೂದಲ್ಲ, ಬರೇ ಅಗದು ಉಗುಳೂದು, ವ್ರತ ಕೆಡಾಂಗಿಲ್ಲ" ಎಂದ. ಚಿಗವ್ವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಒಂದು ಗಳಿಗೆ ನನ್ನ ಮುಖ ನೋಡಿ, ಹೊರಗೆ ಬಂದು ಉಳಿದ ಹೆಂಗಸರ ಸಾಲಿನ ಕೊನೆಗೆ ಕೂತಳು. ಮೆಣಸಿನಕಾಯಿ ಹೊಗೆ ಎದ್ದಿತು. ಎಲ್ಲರೂ ಅಗಿದರು, ಎಲ್ಲರೂ ಉಗುಳಿದರು. ಎಲ್ಲರ ಎಲೆಯ ಮೇಲೂ ಹಳದಿ ಎಂಜಲು. ಚಿಗವ್ವನ ಎಲೆಯ ಮೇಲೆ ಒಣಹಿಟ್ಟು ಬಿತ್ತು.

ಆಮೇಲೆ ಮಲ್ಲಪ್ಪ ಒಂದೇ ಏಟಿಗೆ ಹಾರಿ ಅವಳ ಕೂದಲು ಹಿಡಿದ. "ಇಕ್ಕಳ ತಗೀರಿ ಭರಮಣ್ಣಾ!" ಎಂದು ಮಂದಿ ಕೂಗಿತು. ಚಿಗವ್ವನ ಸೆರಗು ನೆಲಕ್ಕೆ ಬಿದ್ದಿತ್ತು. ಬರೀ ತಲೆಯಲ್ಲಿ, ಜೀವಮಾನದಲ್ಲಿ ಮೊದಲ ಸಲ, ಅವಳು ಭಾವನ ಮುಖಕ್ಕೆ ಮುಖ ಕೊಟ್ಟು ಮಾತಾಡಿದಳು. "ಭಾವಾರ, ನಿನ್ನಿಯಿಂದ ಒಂದ ಹನಿ ನೀರ ಕುಡದಿಲ್ರಿ ನಾ. ಒಣಾ ಬಾಯಾಗ ಉಗುಳ ಎಲ್ಲಿಂದ ಬರ್ಬೇಕ್ರಿ?"

ದೊಡ್ಡಪ್ಪನ ಕೈಯಲ್ಲಿ ಇಕ್ಕಳ ಇತ್ತು. ಅವನ ಒಂದೇ ಕಣ್ಣು ಚಿಗವ್ವನ ತುಟಿಯ ಮೇಲೆ ನೆಟ್ಟಿತ್ತು. ಆ ತುಟಿ ಬಿರಿದು ಬೆಳ್ಳಗಾಗಿತ್ತು. ಅವನು ತನಗೆ ತಾನೇ ಎಂಬಂತೆ, "ಲಗಮವ್ವಗೂ ಮುಂಜಾನಿಂದ ಯಾರೂ ನೀರ ಕೊಟ್ಟಿರ್ಲಿಲ್ಲ" ಎಂದ. ಆಮೇಲೆ ಹುಚ್ಚು ಹಿಡಿದವನಂತೆ ಮಂದಿಯ ಮೇಲೆ ಬಿದ್ದ. ಮಲ್ಲಪ್ಪನ ಮುಖಕ್ಕೆ ಗುದ್ದಿ ಚಿಗವ್ವನನ್ನು ಬಿಡಿಸಿದ. ಯಾರೋ ಬಡಿಗೆಯಿಂದ ಹೊಡೆದರು, ಹುಬ್ಬು ಹರಿಯಿತು. ಆ ಕುಂಟುಗಾಲಲ್ಲೇ ಮತ್ತಿಬ್ಬರನ್ನು ಕೆಸರಿಗೆ ಎತ್ತಿ ಒಗೆದ. ಚಿಗವ್ವನನ್ನೂ ನನ್ನನ್ನೂ ಒಳಗೆ ದಬ್ಬಿ, ಬಾಗಿಲು ಎಳೆದುಕೊಂಡು ಅಡ್ಡ ನಿಂತು ಕೂಗಿದ: "ಉಪಾಸ ಇದ್ರ ಬಾಯಿ ಒಣಗತೈತಿ! ಅಂಜಿದ್ರೂ ಒಣಗತೈತಿ! ಅಕ್ಕಿಗಿ ಏನೂ ತಿಳ್ಯಾಂಗಿಲ್ಲೋ! ನಾ ಅಂಜಿಸಿದ್ನಿ, ಅವರ ಬಾಯಿ ಒಣಗಿತು, ನಾ ಹಲ್ಲ ಮುರದ್ನಿ. ಇಷ್ಟ ಖರೆ."

ಅಯ್ಯೋ, ಆ ಮಾತು ಆಡಬಾರದಿತ್ತೇ? ಆಡದಿದ್ದರೆ ಚಿಗವ್ವ ಉಳಿಯುತ್ತಿದ್ದಳೇ? ಗುಂಪಿನ ಹಿಂದಿನಿಂದ ಒಬ್ಬ ಮುಂದೆ ಬಂದ. ಮಲ್ಲಪ್ಪನ ಹೊಲಕ್ಕೆ ಆಳಾಗಿ ದುಡಿಯುತ್ತಿದ್ದ ಹುಡುಗ. ದಡ್ಡಿಯವನು ಎಂದಷ್ಟೇ ನಮಗೆ ಗೊತ್ತಿತ್ತು. "ಹಂಗಾರ ನಮ್ಮವ್ವ?" ಎಂದ. ಮತ್ತೆ ಅದನ್ನೇ ಕೇಳಿದ, "ಹಂಗಾರ ನಮ್ಮವ್ವ ಏನ್ ಮಾಡಿದ್ಳು?" ಅವನೇ ಎಲ್ಲಪ್ಪ. ದೊಡ್ಡಪ್ಪ ಅವನನ್ನು ಗುರುತಿಸಿದ. ಗುರುತಿಸಿ, ಕೈಯಲ್ಲಿದ್ದ ಇಕ್ಕಳವನ್ನು ಅವನ ಕೈಗೆ ಕೊಟ್ಟ. ಹೊಸ್ತಿಲ ಮೇಲೆ ಕೂತ. ಎರಡೂ ಕೈಯಿಂದ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಬಾಯಿ ತೆರೆದ.

ನಾನು ಕಿಡಕಿಯಲ್ಲಿದ್ದೆ. ಚಿಗವ್ವ ನನ್ನ ಕಣ್ಣು ಮುಚ್ಚಿದಳು. ಕಿವಿ ಮುಚ್ಚಲು ಅವಳಿಗೆ ಇನ್ನೆರಡು ಕೈಗಳಿರಲಿಲ್ಲ. ದೊಡ್ಡಪ್ಪ ಕೂಗಲಿಲ್ಲ. ಅಳುತ್ತಿದ್ದವನು ಎಲ್ಲಪ್ಪ. ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅಳುತ್ತ ತನ್ನ ಕೆಲಸ ಮಾಡುತ್ತಿದ್ದ. ಮುಗಿದ ಮೇಲೆ ಇಕ್ಕಳ ಅಂಗಳಕ್ಕೆ ಬಿದ್ದ ಸದ್ದು, ಆಮೇಲೆ ಮಂದಿಯ ಕಾಲ ಸಪ್ಪಳ. ಯಾರೂ ಚಿಗವ್ವನ ಹೆಸರು ಎತ್ತಲಿಲ್ಲ. ಮಂದಿಗೆ ಬೇಕಾದ ರಕ್ತ ಸಿಕ್ಕಿತ್ತು. ಮಲ್ಲಪ್ಪ ಒಬ್ಬನೇ ಕೆಸರಲ್ಲಿ ಕೂತು, ಕೂಸಿನ ಹೆಸರು ಹಿಡಿದು ಕರೆಯುತ್ತಿದ್ದ. ಚಿಗವ್ವ ಬಾಗಿಲು ತೆಗೆದು, ಸೋಸಿದ ನೀರು ತಂದು, ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿ ತೊಳೆದಳು. ಚೆಂಬಿನ ಮೇಲೆ ಚೆಂಬು ನೀರು ಕೆಂಪಾಗಿ ಹರಿಯಿತು. ಅವಳ ಗಂಟಲಿಗೆ ಮಾತ್ರ ಮರುದಿನ ಸೂರ್ಯ ಹುಟ್ಟುವವರೆಗೆ ಒಂದು ಹನಿಯೂ ಇಳಿಯಲಿಲ್ಲ.

ಆ ಪರ್ವ ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಕ್ಷಮೆ ಕೇಳುವ ಪದ್ಧತಿಯಿದೆ. ನಾವು ಮಕ್ಕಳು ಅದನ್ನು ಆಟದಂತೆ ಮನೆಮನೆಗೆ ಹೇಳಿಕೊಂಡು ಬರುತ್ತಿದ್ದೆವು. ಆ ವರ್ಷ ಬಾಯಿಯ ಗಾಯದ ಜ್ವರ ಇಳಿದದ್ದೇ ದೊಡ್ಡಪ್ಪ ಎದ್ದು ಹೊರಟ. ಕಣಗಲಾ, ಮೂಡಲಗಿ, ತಾನು ಇಕ್ಕಳ ಹಿಡಿದು ಹೋದ ಊರೆಲ್ಲ. ಒಂದು ಕಡೆ ನಾಯಿ ಬಿಟ್ಟರು, ಒಂದು ಕಡೆ ಕಲ್ಲು ಬಿತ್ತು, ಒಂದು ಕಡೆ ಕೇಳಬೇಕಾದವರೇ ಸತ್ತುಹೋಗಿದ್ದರು. ದಡ್ಡಿಗೆ ನನ್ನನ್ನೂ ಕರೆದುಕೊಂಡು ಹೋದ, ಅವನ ಬಾಯಲ್ಲಿ ಮಾತು ಹೊರಡುತ್ತಿರಲಿಲ್ಲವಲ್ಲ, ಅದಕ್ಕೆ. ಲಗಮವ್ವ ಒಲೆಯ ಮುಂದಿದ್ದಳು. ದೊಡ್ಡಪ್ಪ ಅಂಗಳದ ಮಣ್ಣಿಗೆ ಹಣೆ ಹಚ್ಚಿದ. ಅವಳು ತಿರುಗಿ ಅವನ ಕುಸಿದ ಬಾಯಿಯನ್ನು ಬಹಳ ಹೊತ್ತು ನೋಡಿದಳು. "ಕ್ಷಮಾ ಮಾಡೇನಿ ಅನ್ನಾಕ ನನಗ ಬರಾಂಗಿಲ್ರಿ. ಹಲ್ಲಿಲ್ಲಲ್ರಿ ನನಗ" ಎಂದಳು. ನಾವು ಏಳುವಷ್ಟರಲ್ಲಿ ಒಂದು ಬಟ್ಟಲಿಗೆ ಬಿಸಿ ಜೋಳದ ಭಕ್ಕರಿ ಮುರಿದು ಹಾಕಿ, ಮೇಲೆ ಮಜ್ಜಿಗೆ ಸುರಿದು, ಬೆರಳಿಂದ ಒತ್ತಿ ಒತ್ತಿ ನೆನೆಸಿ ಅವನ ಮುಂದೆ ಇಟ್ಟಳು. "ಹಿಂಗ ಮೆತ್ತಗ ಮಾಡ್ಕೊಂಡ ತಿನ್ಬೇಕ್ರಿ. ಮೊದಲ ಮೊದಲ ನಂಗೂ ತಿಳೀಲಿಲ್ಲ, ಒಸಡ ಹರಕೊಂಡಿದ್ನಿ." ದೊಡ್ಡಪ್ಪ ತಿಂದ. ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು, ಸುಣ್ಣ ಬಿದ್ದ ಕಣ್ಣಿನಿಂದಲೂ.

ಆಮೇಲೆ ಪ್ರತಿ ವರ್ಷ ಪರ್ವ ಮುಗಿದ ಮರುದಿನ ಅವನು ದಡ್ಡಿಗೆ ಹೋಗುತ್ತಿದ್ದ, ಅವಳು ಭಕ್ಕರಿ ನೆನೆಸಿ ಕೊಡುತ್ತಿದ್ದಳು, ಆ ಒಂದು ಮಾತನ್ನು ಮಾತ್ರ ಕೊಡುತ್ತಿರಲಿಲ್ಲ. ಅವನೂ ಬೇಡುತ್ತಿರಲಿಲ್ಲ. ಚಿಗವ್ವ ಈಗ ಅವನೊಡನೆ ನೇರವಾಗಿಯೇ ಮಾತಾಡುತ್ತಿದ್ದಳು. ಬುತ್ತಿ ಕಟ್ಟಿಕೊಟ್ಟು, "ಈ ಸಲ ಅಂದಾಳೇಳ್ರಿ, ಭಾವಾರ" ಎನ್ನುತ್ತಿದ್ದಳು. ರಸ್ತೆ ಅಳೆಯುವ ಮೋಜಣಿಯವರು ನಮ್ಮ ಗೋಡೆಗೆ ಕೆಂಪು ಗುರುತು ಹಾಕಿ ಹೋದ ವರ್ಷ, ಪರ್ವಕ್ಕೆ ಇನ್ನೂ ಕೆಲವು ದಿನ ಇರುವಾಗಲೇ, ದೊಡ್ಡಪ್ಪ ಕೂತ ಕಟ್ಟೆಯ ಮೇಲೆಯೇ ತಣ್ಣಗಾದ.

ಎಲ್ಲಪ್ಪ ಟ್ರ್ಯಾಕ್ಟರಿನಲ್ಲಿ ಅವ್ವನನ್ನು ಕರೆದುಕೊಂಡು ಬಂದ. ಮಂದಿ ದಾರಿ ಬಿಟ್ಟರು. ಲಗಮವ್ವ ಹೆಣದ ಹತ್ತಿರ ಕೂತು, ಬಟ್ಟೆ ಕಟ್ಟಿದ ಆ ಗಲ್ಲವನ್ನು ನೋಡಿದಳು, ಆಮೇಲೆ ಕೆಟ್ಟ ಸಿಟ್ಟಿನಿಂದ ನೆಲಕ್ಕೆ ಕೈ ಬಡಿದಳು. "ಈ ಸಲ ಬಂದ್ರ ಅಂದಬಿಡೂನು ಅಂತ ಮಾಡಿದ್ನಿ. ತಡೀಬಾರ್ದಿತ್ತೇನ ಇಂವಾ? ಈಗ ಯಾರ ಮುಂದ ಅನ್ಲಿ?"

ಚಿಗವ್ವ ಅವಳ ಕೈ ಹಿಡಿದಳು. "ನನ್ನ ಮುಂದ ಅನ್ರವ್ವಾ" ಎಂದಳು.

ಲಗಮವ್ವ ತಲೆ ಅಲ್ಲಾಡಿಸಿದಳು. "ನಿನ್ನ ಮುಂದ ಯಾಕ? ನೀ ನನಗ ಏನ ಮಾಡೀದಿ?"