ತೊಂಬತ್ತೇಳು ಕುಣಿಕೆ

ಡಾಂಬರು ಗುಳಿಗೆಯ ವಾಸನೆ ನಿಮಗೆ ಹೇಗೋ ಕಾಣೆ. ನನಗಂತೂ ಅದು ಮೂಗಿಗೆ ಬಡಿದರೆ ಮನಸ್ಸು ಮಂಕಾಗುತ್ತದೆ. ಮೊನ್ನೆ ಬೀರುವಿನ ಮೇಲಿನ ಅರೆಯಲ್ಲಿ ಕನ್ನಡಕದ ಡಬ್ಬಿ ಹುಡುಕುತ್ತಿದ್ದೆ. ಡಬ್ಬಿ ಸಿಗಲಿಲ್ಲ, ಹಳೆಯ ಪಂಚೆಯಲ್ಲಿ ಕಟ್ಟಿಟ್ಟ ಒಂದು ಗಂಟು ಕೈಗೆ ಬಂತು. ಅತ್ತಿಗೆ ತೀರಿಕೊಂಡ ವರ್ಷ ಅಣ್ಣ ಕೊಟ್ಟದ್ದು. "ನಿನ್ ಹತ್ರಾನೇ ಇರ್ಲಿ ತಗೋ, ನಾನೇನ್ ಮಾಡ್ಲಿ ಇದನ್ನ" ಎಂದಿದ್ದ. ನಾನು ತಂದು, ನನ್ನಲ್ಲಿದ್ದ ಇನ್ನೊಂದು ಸಣ್ಣ ವಸ್ತುವನ್ನೂ ಅದರೊಳಗೆ ಸೇರಿಸಿ, ನಾಲ್ಕು ಗುಳಿಗೆ ಹಾಕಿ ಮೇಲಿಟ್ಟವಳು ಮತ್ತೆ ಬಿಚ್ಚಿರಲಿಲ್ಲ. ಒಳಗೆ ಏನಿದೆಯೆಂದು ಗೊತ್ತಿತ್ತಲ್ಲ, ಅದಕ್ಕೇ.

ಅದು ರೇಡಿಯೊ ಕವರು. ಬಿಳಿ ಉಲ್ಲನ್ ದಾರದಲ್ಲಿ, ಎರಡು ಕಡ್ಡಿಯಲ್ಲಿ ಹೆಣೆದ ಲೇಸು. ಉದ್ದಕ್ಕೂ ತೂತುಗಳಿಂದಲೇ ಮೂಡಿದ ಎಲೆಗಳು. ರೇಡಿಯೊಗೂ ಅಂಗಿ ತೊಡಿಸುತ್ತಿದ್ದಿರಾ ಎಂದು ಈಗಿನವರು ನಗಬಹುದು. ಆಗ ರೇಡಿಯೊ ಇದ್ದ ಮನೆಯಲ್ಲೆಲ್ಲ ಅದರ ತಲೆಯ ಮೇಲೊಂದು ಲೇಸು ಇದ್ದೇ ಇರುತ್ತಿತ್ತು. ಆದರೆ ಇದನ್ನು ಹೆಣೆಯುವಾಗ ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಮುಂದಿನ ಅಂಕಣದಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಅಡುಗೆಮನೆ, ನಡುವಿನ ಪಡಸಾಲೆಯಲ್ಲಿ ನಾವು. ಮಗ್ಗ ಓಡುವಾಗ ಉಪ್ಪು ಕೇಳಬೇಕಾದರೂ ಕಿರುಚಬೇಕು. ಆ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ನಾನು ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆಂದು ನನ್ನ ಸೊಸೆ ಹೇಳುತ್ತಾಳೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಸಲ ಫೇಲಾಗಿ ನಾನು ಮನೆಯಲ್ಲಿ ಕೂತಿದ್ದೆ. ಎರಡು ಸಲವೂ ಲೆಕ್ಕದಲ್ಲೇ. ಅಂಥವಳನ್ನು ಹಿಡಿದು ಅತ್ತಿಗೆ ತನ್ನ ಕುಣಿಕೆ ಎಣಿಸಲು ಕೂರಿಸಿಕೊಂಡಳೆಂದರೆ, ಆ ಮನೆಯಲ್ಲಿ ಅವಳಿಗೆ ಬೇರೆ ಯಾರೂ ಗತಿಯಿರಲಿಲ್ಲ ಎಂದೇ ಅರ್ಥ.

ಅತ್ತಿಗೆ ನನಗಿಂತ ಮೂರೇ ವರ್ಷ ದೊಡ್ಡವಳು; ಬಹುವಚನ ನನ್ನ ಬಾಯಿಗೆ ಬರಲೇ ಇಲ್ಲ. ಬೆಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದ, ತಾಯಿಯಿಲ್ಲದ ಹುಡುಗಿ. ಪಕ್ಕದ ಮನೆಯ ಟೀಚರೊಬ್ಬರಿಂದ ಹೆಣಿಗೆ ಕಲಿತಿದ್ದಳು. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಎರಡು ಜೊತೆ ಕಡ್ಡಿ ತಂದಿದ್ದಳು. "ನಾಲ್ಕ್ ಮಗ್ಗ ಇರೋ ಮನೇಗ್ ಬಂದು ಕಡ್ಡೀಲಿ ನೇಯ್ತಾಳಲ್ಲ ಇವ್ಳು" ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಲೇಸಿನ ಹೆಣಿಗೆ ಹೇಗೆಂದರೆ, ಕಡ್ಡಿಯ ಮೇಲೆ ದಾರವನ್ನು ಸುಮ್ಮನೆ ಒಂದು ಸುತ್ತು ಸುತ್ತಿದರೆ ಅಲ್ಲೊಂದು ತೂತು ಬೀಳುತ್ತದೆ, ಜೊತೆಗೆ ಕುಣಿಕೆಯೊಂದು ಹೆಚ್ಚಾಗುತ್ತದೆ. ಹೆಚ್ಚಾದದ್ದಕ್ಕೆ ಸರಿಯಾಗಿ ಅದೇ ಸಾಲಿನಲ್ಲಿ ಇನ್ನೆಲ್ಲೋ ಎರಡು ಕುಣಿಕೆಗಳನ್ನು ಒಟ್ಟಿಗೆ ಹಿಡಿದು ಒಂದು ಮಾಡಬೇಕು. ಅತ್ತಿಗೆ ಹಾಕಿಕೊಂಡದ್ದು ತೊಂಬತ್ತೇಳು: ಎಲೆಗೆ ಹನ್ನೆರಡರಂತೆ ಎಂಟು ಎಲೆ, ಕೊನೆಗೊಂದು. ತೊಂಬತ್ತಾರು ಬಂದರೆ ಎಲ್ಲೋ ತೂತು ಮರೆತಿದೆ. ತೊಂಬತ್ತೆಂಟು ಬಂದರೆ ಜೋಡಿ ಮರೆತಿದೆ. ಆಗಲೇ ಹಿಡಿಯದಿದ್ದರೆ ಮುಂದಿನ ಎಲೆಗಳೆಲ್ಲ ಸೊಟ್ಟಗಾಗುತ್ತವೆ. "ನನ್ ತಪ್ಪು ನನ್ ಕಣ್ಣಿಗ್ ಬೀಳಲ್ಲ ಕಣೇ, ನೀನ್ ಎಣ್ಸು" ಎನ್ನುತ್ತಿದ್ದಳು. ಮಗ್ಗ ಓಡುವಾಗ ಎಣಿಸಲು ಸಾಧ್ಯವೇ ಇರಲಿಲ್ಲ. ಅದರ ಖಟಪಟ ತಲೆಯೊಳಗೆ ಹೊಕ್ಕು ತನ್ನದೇ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಕರೆಂಟು ಹೋದಾಗ ಎಣಿಕೆ. ಬೀದಿಗೆ ಬೀದಿಯೇ ತಟಕ್ಕನೆ ಮೌನವಾಗುತ್ತಿತ್ತು. ಅಣ್ಣ ಕರೆಂಟಿನವರನ್ನು ಬೈದುಕೊಂಡು ಬೀಡಿ ಹಚ್ಚುತ್ತಿದ್ದ. ನಾವಿಬ್ಬರೂ ಕಿಟಕಿಯ ಹತ್ತಿರ ಸರಿದು ಒಂದು, ಎರಡು, ಮೂರು ಎಂದು ಶುರುಮಾಡುತ್ತಿದ್ದೆವು. ಸಾಲು ಸರಿ ಬಂದರೆ ಅತ್ತಿಗೆ ತಟ್ಟೆಗೊಂದು ಹುಣಸೆಬೀಜ ಹಾಕುತ್ತಿದ್ದಳು.

ಅಮ್ಮನಿಗೆ ಅನುಮಾನವಿತ್ತು. "ಇಲ್ದಿರೋ ರೇಡಿಯೋಗ್ ಕವರಾ?"

"ತಗೋತಾರಂತೆ ಅತ್ತೆ, ಅವ್ರು ಹೇಳಿದ್ರು."

"ಉಲ್ಲನ್ನಲ್ಲಿ ಯಾಕೆ? ರೇಡಿಯೋಗೇನ್ ಚಳಿಯಾಗುತ್ತಾ?"

ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗಲಿಲ್ಲ. ಆಗ ಅವಳಿಗೆ ಐದು ತಿಂಗಳು. ಹುಟ್ಟದ ಮಗುವಿಗೆ ಬಟ್ಟೆ ಹೊಲಿಯಬಾರದು, ಕೊಳ್ಳಬಾರದು, ತೊಟ್ಟಿಲನ್ನೂ ಅಟ್ಟದಿಂದ ಇಳಿಸಬಾರದು. ಇದು ನಮ್ಮಲ್ಲಿ ಯಾರೂ ಮೀರದ ಪದ್ಧತಿ. ಮುಂದಿನ ಸಲ ಕರೆಂಟು ಹೋದಾಗ ಅತ್ತಿಗೆ ನನ್ನ ಕಿವಿಯ ಹತ್ತಿರ ಬಾಗಿದಳು. "ಯಾರ್ಗೂ ಹೇಳ್ಬೇಡ. ನಾನ್ ಹುಟ್ಟಿದ್ ದಿನಾನೇ ನಮ್ಮಮ್ಮ ಹೋದ್ಲು. ನನಗೋಸ್ಕರ ಅಂತ ಯಾರೂ ಏನೂ ಮಾಡಿಟ್ಟಿರ್ಲಿಲ್ಲ. ನನ್ ಮಗೂಗೆ ಒಂದಾದ್ರೂ ಕಾಯ್ತಾ ಇರ್ಲಿ." ಅಷ್ಟೇ ಹೇಳಿ ಕಡ್ಡಿ ನನ್ನ ಕೈಗೆ ಕೊಟ್ಟಳು. ಅಂದು ನಾನು ಬಹಳ ಜೋಪಾನವಾಗಿ ಎಣಿಸಿದೆ.

ಆದರೆ ನನ್ನ ಜೋಪಾನ ಎಷ್ಟು ದಿನದ್ದು! ಒಂದು ಮಧ್ಯಾಹ್ನ ಎಣಿಸಿದರೆ ತೊಂಬತ್ತೆಂಟು ಬಂತು. ತಪ್ಪಿರಬೇಕೆಂದು ಮತ್ತೆ ಶುರುಮಾಡಿದೆ. ನಲವತ್ತರ ಹತ್ತಿರ ಬಂದಿದ್ದೆ, ಕರೆಂಟು ಬಂತು. ನಾಲ್ಕು ಮಗ್ಗಗಳೂ ಒಂದರ ಹಿಂದೊಂದು ಎದ್ದವು. ಎದುರುಮನೆಯ ಗೆಳತಿ ಬಳೆ ಅಂಗಡಿಗೆ ಕರೆಯಲು ಬಂದು ಹೊಸಿಲಲ್ಲಿ ನಿಂತಿದ್ದಳು. "ತೊಂಬತ್ತೇಳು, ಸರಿ ಇದೆ!" ಎಂದು ಕಿರುಚಿದೆ.

"ಸರೀನಾ?"

"ಸರಿ ಅಂದ್ನಲ್ಲ ಅತ್ತಿಗೆ!"

ಅವಳು ತಟ್ಟೆಗೆ ಬೀಜ ಹಾಕಿದಳು. ನಾನು ಹಸಿರು ಬಳೆ ಹಾಕಿಸಿಕೊಂಡು ಬಂದೆ. ಸಿಕ್ಕಿಬೀಳುವ ಭಯಕ್ಕೆ ಮುಂದಿನ ಸಾಲುಗಳನ್ನು ಎಣಿಸಲೇ ಇಲ್ಲ. ಎಣಿಸಿದಂತೆ ಬೆರಳಾಡಿಸಿ ತೊಂಬತ್ತೇಳು ಎನ್ನುತ್ತಿದ್ದೆ. ಹೆಣಿಗೆ ಮುಗಿದು, ಮಡಿಚಿ ಟ್ರಂಕಿಗೆ ಹೋಯಿತು.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತಿಗೆಯನ್ನು ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕರೆಂಟು ಇದ್ದರೂ ಅಂದು ಮಗ್ಗ ನಿಂತಿದ್ದವು. ಗಂಡು ಮಗು, ಹುಟ್ಟುವಾಗಲೇ ಉಸಿರಿರಲಿಲ್ಲ. ಮಂಚದ ಪಕ್ಕದಲ್ಲಿ ಅಮ್ಮ ಕೂತಿದ್ದಂತೆಯೇ ಅತ್ತಿಗೆ ನನ್ನ ಕಡೆ ತಿರುಗಿ, "ಆ ರೇಡಿಯೊ ಕವರ್ ತಗೊಂಡ್ ಬಾರೇ, ಅದ್ರಲ್ಲೇ ಸುತ್ತಿ ಕಳ್ಸಿ" ಎಂದಳು. ನಾನು ಬಜಾರಿನ ನಡುವೆ ಓಡಿದೆ, ಓಡಿ ಬಂದೆ. ಅಷ್ಟರಲ್ಲಿ ಅಣ್ಣನೂ ನೆರೆಯವರಿಬ್ಬರೂ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಹೋಗಿದ್ದರು. ಅಮ್ಮ ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. "ಹುಟ್ಟೋಕ್ ಮುಂಚೇನೇ ಮಾಡಿಟ್ಕೊಂಡಿದ್ಯಾ? ಕೈಯಾರೆ ಕಳ್ಕೊಂಡ್ಯಲ್ಲೇ" ಎಂದು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಮ್ಮ ಕೆಟ್ಟವಳಲ್ಲ. ಅವಳಿಗೆ ಗೊತ್ತಿದ್ದ ಕಾರಣ ಅದೊಂದೇ.

ನನಗೆ ಇನ್ನೊಂದು ಗೊತ್ತಿತ್ತು. ಹೆಣೆದದ್ದರಿಂದಲ್ಲ, ತಪ್ಪು ಹೆಣೆದದ್ದರಿಂದ; ಆ ತಪ್ಪನ್ನು ಸರಿ ಎಂದವಳು ನಾನು. ಓದಿದವರು ಇದಕ್ಕೆ ನಗುತ್ತೀರಿ. ನಾನೂ ಎಷ್ಟೋ ಸಲ ನಕ್ಕು ನೋಡಿದೆ, ಆಗಲಿಲ್ಲ.

"ರೇಡಿಯೊ ಇಲ್ದಿರೋ ಮನೇಗೆ ರೇಡಿಯೊ ಕವರು" ಎಂಬುದು ಅಮ್ಮನ ಬಾಯಲ್ಲಿ ದಿನದ ಮಾತಾಯಿತು. ಅಣ್ಣ ಎದುರಾಡುವವನಲ್ಲ. ಒಂದು ದಿನ ಬೆಂಗಳೂರಿಗೆ ಹೋಗಿ ರೇಡಿಯೊ ಹೊತ್ತು ತಂದ. ಗೂಡಿನಲ್ಲಿಟ್ಟು ತಾನೇ ಕವರು ಹೊದಿಸಿದ. ಹೆಂಡತಿ ಹೇಳಿದ ಸುಳ್ಳನ್ನು ನಿಜ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಅವನ ಎಣಿಕೆ, ಪಾಪ. ಆಮೇಲೆ ಅತ್ತಿಗೆ ದಿನವೂ ವಾರ್ತೆಯ ಹೊತ್ತಿಗೆ ಆ ಲೇಸನ್ನು ಎರಡು ಕೈಯಲ್ಲಿ ಎತ್ತಿ, ಮಡಿಚಿ, ಗುಂಡಿ ತಿರುಗಿಸಬೇಕಾಯಿತು. ನನಗೆ ನೋಡಲಾಗುತ್ತಿರಲಿಲ್ಲ, ಹಿತ್ತಿಲಿಗೆ ಹೋಗುತ್ತಿದ್ದೆ. ಅವಳು ಮತ್ತೆ ಬಸಿರಾಗಲಿಲ್ಲ. ಬೀದಿಯವರು ಸೀಮಂತಕ್ಕೆ, ನಾಮಕರಣಕ್ಕೆ ಅವಳನ್ನು ಕರೆಯುವುದು ನಿಂತಿತು. ಕರೆಂಟು ಹೋದಾಗ ಅವಳು ಒಬ್ಬಳೇ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು.

ನನ್ನನ್ನು ನೆಲಮಂಗಲಕ್ಕೆ ಕೊಟ್ಟರು. ಮೊದಲ ಮಗು ಗಂಡಾಯಿತು. ನಾಮಕರಣಕ್ಕೆ ಅತ್ತಿಗೆ ಬಂದಳು, ಕರೆದವಳು ನಾನೇ. ಬಿಳಿ ಉಲ್ಲನ್ ಟೋಪಿಯೊಂದನ್ನು ತಂದಿದ್ದಳು, ಅದೇ ಎಲೆ. "ಹಾಕೇ, ನೋಡೋಣ" ಎಂದಳು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡು, "ಆಮೇಲ್ ಹಾಕ್ತೀನಿ ಅತ್ತಿಗೆ, ಈಗ ಸೆಕೆ" ಎಂದೆ. ಅದು ಮಾಘ ಮಾಸ. ಅವಳು ನನ್ನ ಮುಖ ನೋಡಿದಳು. "ಹೂಂ, ಸೆಕೆ" ಎಂದು ಎದ್ದು ಊಟಕ್ಕೆ ಎಲೆ ಹಾಕುವವರ ಜೊತೆ ಸೇರಿಕೊಂಡಳು. ನನ್ನಿಂದ ಮೋಸಹೋದ ಕೈಯ ಕೆಲಸವನ್ನು ನನ್ನ ಮಗುವಿನ ತಲೆಗೆ ಹಾಕಲು ನನಗೆ ಧೈರ್ಯ ಬರಲಿಲ್ಲ, ಅಷ್ಟೇ. ಆಮೇಲೆ ನಾನೇ ಅವಳನ್ನು ತಪ್ಪಿಸಿಕೊಂಡು ತಿರುಗಿದೆ. ತವರಿಗೆ ಹೋದರೂ ಬೆಳಿಗ್ಗೆ ಹೋಗಿ ಸಂಜೆ ಬಸ್ಸಿಗೆ ವಾಪಸು.

ಮೊನ್ನೆ ಗಂಟು ಬಿಚ್ಚಿ, ಹಳೆಯ ಕನ್ನಡಕವನ್ನೇ ಏರಿಸಿಕೊಂಡು, ಗುಂಡುಸೂಜಿ ಹಿಡಿದು ಕೂತೆ. ಯಾಕೆ ಎಣಿಸಬೇಕೆನ್ನಿಸಿತೋ ಗೊತ್ತಿಲ್ಲ. ತಪ್ಪನ್ನು ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದಿರಬೇಕು. ಮುಗಿಸಿದ ಅಂಚನ್ನು ಎಣಿಸಿದೆ. ತೊಂಬತ್ತೇಳು. ಮತ್ತೆ ಎಣಿಸಿದೆ, ತೊಂಬತ್ತೇಳು. ಒಂದೊಂದೇ ಸಾಲು ಕೆಳಗಿಳಿದೆ. ಎಲ್ಲ ಕಡೆಯೂ ಅಷ್ಟೇ. ಅರ್ಧ ದಾಟಿದ ಮೇಲೆ ಒಂದೇ ಒಂದು ಸಾಲು ಸಿಕ್ಕಿತು, ತೊಂಬತ್ತೆಂಟರದ್ದು. ಅದಾದ ಮೇಲೆ ಹೆಣೆದ ಸಾಲಿನಲ್ಲೇ, ಮೂರನೇ ಎಲೆಯ ಬುಡದಲ್ಲಿ, ಎರಡು ಇರಬೇಕಾದಲ್ಲಿ ಮೂರು ಕುಣಿಕೆ ಒಟ್ಟಿಗೆ ಸೇರಿದ್ದವು. ಕಾಣದಂತೆ, ಬಹಳ ಹಗುರವಾಗಿ.

ನಾನು ಬಳೆ ಹಾಕಿಸಿಕೊಳ್ಳಲು ಹೋಗಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ತಾನೇ ಎಣಿಸಿ, ಸರಿಮಾಡಿಕೊಂಡು, ನನಗೊಂದು ಮಾತೂ ಹೇಳದೆ ಮರುದಿನ ಮತ್ತೆ ನನ್ನ ಕೈಗೆ ಕಡ್ಡಿ ಕೊಟ್ಟಿದ್ದಳು. ನನ್ನ ಸುಳ್ಳು ಅವಳಿಗೆ ಅಷ್ಟು ಸಣ್ಣದಾಗಿತ್ತು. ಹಾಗಾದರೆ ನಾನು ಟೋಪಿ ಹಾಕದೆ ಕೈಯಲ್ಲಿ ಹಿಡಿದು ನಿಂತಾಗ ಅವಳು ಏನೆಂದುಕೊಂಡಿರಬೇಕು? ಇವಳೂ ಬೀದಿಯವರಂತೆಯೇ ಎಂದು. ಮಗು ಉಳಿಸಿಕೊಳ್ಳದ ಕೈಯೆಂದು ಇವಳೂ ಹೆದರಿದಳು ಎಂದು. ಇಷ್ಟು ವರ್ಷ ನಾನು ಹೊತ್ತು ತಿರುಗಿದ ತಪ್ಪನ್ನು ಅವಳು ಒಂದೇ ಸಾಲಿನಲ್ಲಿ ತಿದ್ದಿದ್ದಳು. ನಾನು ಮಾಡಿದ ನಿಜವಾದ ತಪ್ಪು ಆ ನಾಮಕರಣದ ದಿನದ್ದು. ಅದನ್ನು ತಿದ್ದಲು ಈಗ ಅವಳಿಲ್ಲ.

ಗಂಟಿನ ಅಡಿಯಲ್ಲಿ ಆ ಟೋಪಿ ಇತ್ತು. ಒಂದು ಸಲವೂ ಯಾರ ತಲೆಯನ್ನೂ ಕಾಣದೆ ಹಳದಿಗಟ್ಟಿದೆ. ಮುಷ್ಟಿಯ ಮೇಲೆ ಹಾಕಿಕೊಂಡು ಕೂತೆ.

"ಅತ್ತಿಗೆ, ಅವತ್ತು ತೊಂಬತ್ತೆಂಟು ಬಂದಿತ್ತು" ಎಂದೆ. ನನ್ನ ಗಂಟಲು ಗೊತ್ತಲ್ಲ, ಜೋರಾಗಿಯೇ ಬಂತು. ಅಡುಗೆಮನೆಯಿಂದ ಸೊಸೆ ಓಡಿಬಂದಳು. "ಏನತ್ತೆ, ಕರೆದ್ರಾ?"

"ಇಲ್ಲಮ್ಮ, ನಿನ್ನನ್ನಲ್ಲ" ಎಂದೆ.